ಎರಡಾಳಿನ ಕೆಲಸಕ್ಕೆ ಒಂದೂವರೆ ಆಳಿನ ಕೂಲಿಯಾದರೂ ಕೊಡಿ

ಮಾರ್ಚ್ 2025ರಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಸೇಕ್ವಾನ್ ಬಾರ್ಕ್ಲಿಗೆ ಎರಡು ವರ್ಷಕ್ಕೆ 4.12 ಕೋಟಿ ಡಾಲರಿನ ಹೊಸ ಕರಾರು ಕೊಟ್ಟಿತು. ಅಂದರೆ ವರ್ಷಕ್ಕೆ 2.06 ಕೋಟಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಒಬ್ಬ ರನ್ನಿಂಗ್ ಬ್ಯಾಕ್‌ನ ಸಂಬಳ ವರ್ಷಕ್ಕೆ ಎರಡು ಕೋಟಿ ಡಾಲರ್ ದಾಟಿದ್ದು ಅದೇ ಮೊದಲು. ಅವತ್ತಿಂದ ಅಲ್ಲಿನ ಟೀವಿಯಲ್ಲಿ ಒಂದೇ ರಾಗ: ರನ್ನಿಂಗ್ ಬ್ಯಾಕ್‌ಗಳ ಕಾಲ ಮತ್ತೆ ಬಂತು, ಮಾರುಕಟ್ಟೆ ತನ್ನನ್ನು ತಾನೇ ಸರಿ ಮಾಡಿಕೊಂಡಿತು, ನೋಡಿ ನಾವು ಹೇಳಿರಲಿಲ್ವಾ?

ಯಾವ ಕಾಲವೂ ಬಂದಿಲ್ಲ ಸ್ವಾಮಿ. ಲೆಕ್ಕ ಹಾಕಿ ನೋಡಿ. ಆ ಲೀಗಿನಲ್ಲಿ ಪ್ರತಿ ತಂಡವೂ ಆಟಗಾರರ ಸಂಬಳಕ್ಕೆ ಇಂತಿಷ್ಟೇ ಖರ್ಚು ಮಾಡಬೇಕು ಅಂತ ಒಂದು ಮಿತಿ ಇದೆ. 2018ರಲ್ಲಿ ಅದು 17.72 ಕೋಟಿ ಡಾಲರ್. 2020ರಲ್ಲಿ 19.82 ಕೋಟಿ. 2025ಕ್ಕೆ 27.92 ಕೋಟಿ. 2018ರಲ್ಲಿ ಲೇವಿಯಾನ್ ಬೆಲ್ ಅನ್ನೋ ಆಟಗಾರನಿಗೆ ಸಿಗಬೇಕಿದ್ದ ಒಂದು ವರ್ಷದ ಸಂಬಳ 1.45 ಕೋಟಿ, ಅಂದರೆ ಆ ವರ್ಷದ ಮಿತಿಯ ಶೇ. 8.2. 2020ರಲ್ಲಿ ಕ್ರಿಶ್ಚಿಯನ್ ಮೆಕ್ಯಾಫ್ರಿ ಸಹಿ ಹಾಕಿದ ಕರಾರು ವರ್ಷಕ್ಕೆ 1.6 ಕೋಟಿಯದು, ಶೇ. 8.1. ಈಗ ಜಗತ್ತೇ ಬಾಯಿ ಬಿಟ್ಟುಕೊಂಡು ನೋಡ್ತಿರೋ ಬಾರ್ಕ್ಲಿಯ ದಾಖಲೆ? ಶೇ. 7.4. ಅಂಕಿ ದೊಡ್ಡದಾಯ್ತು, ಪಾಲು ಸಣ್ಣದಾಯ್ತು. ಅದೇ ತಿಂಗಳು ಸಿನ್ಸಿನಾಟಿ ತಂಡ ಜಮಾರ್ ಚೇಸ್ ಅನ್ನೋ ವೈಡ್ ರಿಸೀವರ್‌ಗೆ ವರ್ಷಕ್ಕೆ 4.02 ಕೋಟಿ ಲೆಕ್ಕದಲ್ಲಿ ಕೊಟ್ಟಿತು. ಅದು ಶೇ. 14.4.

ನನ್ನ ತಕರಾರು ಬರೀ ಓಡುವವರ ಬಗ್ಗೆ ಅಲ್ಲ. ಓಡುವುದನ್ನೂ ಮಾಡಿ, ಚೆಂಡು ಹಿಡಿಯುವುದನ್ನೂ ಮಾಡಿ, ಅಡ್ಡ ನಿಂತು ಹೊಡೆತ ತಿನ್ನುವುದನ್ನೂ ಮಾಡುವ ಆಟಗಾರನಿಗೆ ಎಷ್ಟು ಕೊಡಬೇಕು ಅನ್ನೋದು ಪ್ರಶ್ನೆ. ಈಗ ಕೊಡ್ತಿರೋದು ಕಡಿಮೆ ಅಂತ ನನ್ನ ವಾದ. ಅಷ್ಟೇ ಅಲ್ಲ, ಕಡಿಮೆ ಕೊಡೋದಕ್ಕೆ 'ಮಾರುಕಟ್ಟೆ' ಅನ್ನೋ ಹೆಸರು ಇಟ್ಟಿರೋದು ಶುದ್ಧ ಸುಳ್ಳು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ, ಹೀಗೆ. ಕ್ವಾರ್ಟರ್‌ಬ್ಯಾಕ್ ಅನ್ನೋನು ಚೆಂಡನ್ನು ದೂರಕ್ಕೆ ಎಸೀತಾನೆ, ಅದನ್ನು ಹಿಡಿಯೋನು ರಿಸೀವರ್. ಎಸೆಯದೇ ಹೋದರೆ ಹಿಂದೆ ನಿಂತ ರನ್ನಿಂಗ್ ಬ್ಯಾಕ್ ಕೈಗೆ ಚೆಂಡು ಕೊಡ್ತಾನೆ. ಅವನು ನೂರೈವತ್ತು ಕಿಲೋ ತೂಗುವ ಗೋಡೆಯಂಥ ಜನರ ನಡುವೆ ಸಂದು ಹುಡುಕಿ ನುಗ್ಗಬೇಕು. ನಮ್ಮ ಕಬಡ್ಡಿಯಲ್ಲಿ ಏಳು ಜನರ ನಡುವೆ ಹೋದ ರೈಡರ್ ಮುಟ್ಟಿ ವಾಪಸು ಓಡಿ ಬರ್ತಾನಲ್ಲ, ಇವನು ಹನ್ನೊಂದು ಜನರ ನಡುವೆ ಮುಂದಕ್ಕೇ ಹೋಗಬೇಕು, ಬೀಳೋತನಕ. ಪ್ರತಿ ಸಲವೂ ಬೀಳ್ತಾನೆ. ಎಲ್ಲ ರನ್ನಿಂಗ್ ಬ್ಯಾಕ್‌ಗಳೂ ಅಷ್ಟು ಮಾಡ್ತಾರೆ. ಆದರೆ ಕೆಲವರು ಆ ಕಡೆ ಬದಿಗೆ ಹೋಗಿ ನಿಂತು ರಿಸೀವರ್ ಥರ ಚೆಂಡೂ ಹಿಡೀತಾರೆ. ಎದುರಾಳಿಗಳು ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗಿದರೆ ಅಡ್ಡ ನಿಂತು ತಡೀತಾರೆ. ಇಂಥ ಒಬ್ಬ ಮೈದಾನದಲ್ಲಿದ್ದರೆ ಎದುರು ತಂಡಕ್ಕೆ ಇದು ಓಟವೋ ಎಸೆತವೋ ಅಂತ ಕೊನೆವರೆಗೂ ಗೊತ್ತಾಗಲ್ಲ. ಅವನು ಚೆಂಡು ಮುಟ್ಟದೇ ಇದ್ದಾಗಲೂ ಅವನಿಂದ ಲಾಭ ಇದೆ.

ಮಾರ್ಷಲ್ ಫಾಕ್ 1999ರಲ್ಲಿ ಒಂದೇ ಸೀಸನ್ನಿನಲ್ಲಿ ಓಡಿ ಸಾವಿರ ಗಜ, ಹಿಡಿದು ಸಾವಿರ ಗಜ ಮಾಡಿದ. ಅವನಿಗಿಂತ ಮೊದಲು 1985ರಲ್ಲಿ ರೋಜರ್ ಕ್ರೇಗ್, ಆಮೇಲೆ 2019ರಲ್ಲಿ ಮೆಕ್ಯಾಫ್ರಿ. ಫಾಕ್‌ನನ್ನು ಅವನ ಹಳೇ ತಂಡ ಎರಡನೇ ಸುತ್ತಿನ ಒಂದು, ಐದನೇ ಸುತ್ತಿನ ಒಂದು ಆಯ್ಕೆಗೆ ಮಾರಿಬಿಟ್ಟಿತ್ತು. ಕೊಂಡ ಸೇಂಟ್ ಲೂಯಿಸ್ ತಂಡ ಅದೇ ವರ್ಷ ಸೂಪರ್ ಬೌಲ್ ಗೆದ್ದಿತು. ಹರಕು ಬೆಲೆಗೆ ಬಂಗಾರ ಕೊಡೋ ಚಾಳಿ ಹೊಸದೇನಲ್ಲ.

ಇನ್ನು ಬೆಲ್ ವಿಷಯ. 2018ರಲ್ಲಿ ನಾನು ಕ್ಲೈಂಟ್ ಕೆಲಸದ ಮೇಲೆ ಪಿಟ್ಸ್‌ಬರ್ಗ್‌ನಲ್ಲಿದ್ದೆ. ಸೋಮವಾರ ಬೆಳಿಗ್ಗೆ ಆಫೀಸಲ್ಲಿ ಹಿಂದಿನ ದಿನದ ಮ್ಯಾಚು ಬಿಟ್ಟರೆ ಬೇರೆ ಮಾತಿಲ್ಲ. ಅರ್ಧ ಜನ ಕಪ್ಪು-ಹಳದಿ ಅಂಗಿಯಲ್ಲೇ ಬರೋರು. ಆ ವರ್ಷ ಅವರೆಲ್ಲರ ಬಾಯಲ್ಲಿ ಬೆಲ್ ಒಬ್ಬ ದುರಾಸೆಯ ಮನುಷ್ಯ. ತಂಡದ ಜೊತೆಗಾರರೇ ಅವನು ನಮಗಿಂತ ಎಷ್ಟೋ ಪಟ್ಟು ಜಾಸ್ತಿ ದುಡೀತಾನೆ ಅಂತ ಪತ್ರಕರ್ತರ ಮುಂದೆ ಕೆಂಡ ಕಾರಿದ್ದರು. ನವೆಂಬರ್ 13ರ ಗಡುವು ಮುಗಿದ ಮಾರನೇ ದಿನ ಅವನ ಲಾಕರಿಗೆ ಕೈ ಹಾಕಿ ಶೂಗಳನ್ನು ಹಂಚಿಕೊಂಡರು. ಅದನ್ನು ಟೀವಿಯಲ್ಲಿ ನಗುನಗುತ್ತಾ ತೋರಿಸಿದರು. ನನಗೆ ನಗು ಬರಲಿಲ್ಲ.

ಆ ದುರಾಸೆಯ ಲೆಕ್ಕ ನೋಡೋಣ. ಬೆಲ್ 2013ರಲ್ಲಿ ಎರಡನೇ ಸುತ್ತಿನಲ್ಲಿ ಆಯ್ಕೆಯಾದವನು. ಮೊದಲ ನಾಲ್ಕು ವರ್ಷಕ್ಕೆ ಒಟ್ಟು ಸೇರಿ 41 ಲಕ್ಷ ಡಾಲರ್ ಆಸುಪಾಸು. ಆ ನಾಲ್ಕು ವರ್ಷದೊಳಗೆ, 2014ರಲ್ಲಿ, ಅವನು ಓಡಿ 1,361 ಗಜ, ಹಿಡಿದು 854 ಗಜ ಮಾಡಿದ. 83 ಸಲ ಚೆಂಡು ಹಿಡಿದಿದ್ದ, ಅದು ಒಬ್ಬ ಒಳ್ಳೇ ರಿಸೀವರ್ ಮಾಡೋ ಕೆಲಸ. 2016ರಲ್ಲಿ ಬರೀ 12 ಪಂದ್ಯ ಆಡಿ ಎರಡೂ ಸೇರಿ 1,884 ಗಜ. ಅವನೇನು ಸಂತ ಅಲ್ಲ, ಎರಡು ಸಲ ಅಮಾನತು ಆಗಿದ್ದ. ಅದಕ್ಕೆ ಸಂಬಳ ಕಡಿತವೂ ಆಯ್ತು, ಅದು ಬೇರೆ ಬಾಬತ್ತು.

ನಾಲ್ಕು ವರ್ಷ ಮುಗೀತು, ಇನ್ನಾದರೂ ತನ್ನ ಬೆಲೆ ತಾನು ಕೇಳಬಹುದು ಅಂತ ನೀವಂದುಕೊಂಡರೆ, ಅಲ್ಲೇ ಇರೋದು ಗಮ್ಮತ್ತು. ಫ್ರಾಂಚೈಸ್ ಟ್ಯಾಗ್ ಅಂತ ಒಂದು ನಿಯಮ ಇದೆ, 1993ರಿಂದ ನಡ್ಕೊಂಡು ಬಂದಿದೆ. ಕರಾರು ಮುಗಿದ ಒಬ್ಬ ಆಟಗಾರನನ್ನು ಬೇರೆ ಕಡೆ ಹೋಗದ ಹಾಗೆ ತಂಡ ಒಂದು ವರ್ಷ ಕಟ್ಟಿಹಾಕಬಹುದು. ಆ ವರ್ಷದ ಸಂಬಳ, ಹೆಚ್ಚುಕಡಿಮೆ, ಅದೇ ಜಾಗದಲ್ಲಿ ಆಡೋ ಐದು ಅತಿ ದುಬಾರಿ ಆಟಗಾರರ ಸರಾಸರಿ. ಮಾರನೇ ವರ್ಷವೂ ಕಟ್ಟಿಹಾಕಿದರೆ ಅದರ ಮೇಲೆ ಶೇ. 20 ಹೆಚ್ಚು. ಬೆಲ್‌ನನ್ನು 2017ರಲ್ಲಿ 1.21 ಕೋಟಿಗೆ ಕಟ್ಟಿದರು. ಆ ವರ್ಷ ಅವನಿಗೆ 406 ಸಲ ಚೆಂಡು ಕೊಟ್ಟರು, ಇಡೀ ಲೀಗಿನಲ್ಲೇ ಅತಿ ಹೆಚ್ಚು. ನೆಲಕ್ಕೆ 406 ಸಲ ಬೀಳೋದು ಅಂತ ಓದಿಕೊಳ್ಳಿ. ಬಾಡಿಗೆ ಟ್ರ್ಯಾಕ್ಟರ್ ತಂದವರು ಹೇಗೆ ಉಳ್ತಾರೆ ಅಂತ ಹಳ್ಳಿ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2018ರಲ್ಲಿ ಮತ್ತೆ ಕಟ್ಟಿದರು, 1.45 ಕೋಟಿಗೆ. ಅವನು ಸಹಿ ಹಾಕಲಿಲ್ಲ. ವಾರಕ್ಕೆ 8.55 ಲಕ್ಷ ಡಾಲರ್ ಬಿಟ್ಟು ಇಡೀ ಸೀಸನ್ ಮನೇಲಿ ಕೂತ.

ಊರಿಗೆ ಫೋನ್ ಮಾಡಿದಾಗ ನಮ್ಮಣ್ಣನಿಗೆ ಈ ಕತೆ ಹೇಳಿದೆ. "ಲೋ, ರೂಪಾಯಲ್ಲಿ ಎಷ್ಟಾಯ್ತೋ ಅದು?" ಅಂದ. ನೂರು ಕೋಟಿ ಮೇಲೆ ಅಂದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ನೂರು ಕೋಟಿ ಬಿಟ್ಟು ಕೂತಿದಾನೆ ಅಂದ್ರೆ ದುಡ್ಡಿನ ಆಸೆಗೆ ಕೂತಿಲ್ಲ ಬಿಡು, ಅವ್ನಿಗೆ ಎಲ್ಲೋ ಉರಿದಿದೆ" ಅಂದ. ಪಿಟ್ಸ್‌ಬರ್ಗಿನ ಪಂಡಿತರಿಗೆ ಹೊಳೆಯದ್ದು ತೆಂಗಿನ ತೋಟದಲ್ಲಿ ನಿಂತವನಿಗೆ ಹೊಳೀತು.

ಎಲ್ಲಿ ಉರಿದಿತ್ತು ಅಂತ ನಾನು ಹೇಳ್ತೀನಿ. 2018ರಲ್ಲಿ ರನ್ನಿಂಗ್ ಬ್ಯಾಕ್ ಟ್ಯಾಗಿನ ಮೂಲ ಬೆಲೆ 1.19 ಕೋಟಿ ಡಾಲರ್. ವೈಡ್ ರಿಸೀವರ್ ಟ್ಯಾಗ್ 1.6 ಕೋಟಿ. ಬೆಲ್ ಎರಡೂ ಕೆಲಸ ಮಾಡ್ತಿದ್ದ, ಆದರೆ ಅವನ ಹಣೆ ಮೇಲಿದ್ದ ಚೀಟಿ ರನ್ನಿಂಗ್ ಬ್ಯಾಕ್ ಅಂತ. ಅವನು ಕೇಳಿದ್ದು ಇಷ್ಟೇ: ನಾನು ಈ ತಂಡದ ಮೊದಲ ಓಟಗಾರ, ಜೊತೆಗೆ ಎರಡನೇ ರಿಸೀವರ್, ಎರಡನ್ನೂ ಲೆಕ್ಕಕ್ಕೆ ತಗೊಳ್ಳಿ. ವರ್ಷಕ್ಕೆ ಸುಮಾರು 1.7 ಕೋಟಿ ಕೇಳಿದ್ದ ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದೇ ತಂಡದ ಮೊದಲ ರಿಸೀವರ್ ಆಂಟೋನಿಯೊ ಬ್ರೌನ್‌ಗೆ 2017ರಲ್ಲೇ ವರ್ಷಕ್ಕೆ 1.7 ಕೋಟಿಯ ಕರಾರು ಆಗಿತ್ತು. ಬ್ರೌನ್ ಒಂದೇ ಕೆಲಸಕ್ಕೆ ತಗೊಂಡಿದ್ದನ್ನು ಬೆಲ್ ಎರಡು ಕೆಲಸಕ್ಕೆ ಕೇಳಿದ. ಅದು ದುರಾಸೆ!

ಚೀಟಿ ನೋಡಿ ಕೂಲಿ ಕೊಡೋ ಈ ಪದ್ಧತಿಯ ಬಗ್ಗೆ ಒಂದು ಪಂಚಾಯ್ತಿಯೂ ಆಗಿದೆ. 2014ರಲ್ಲಿ ನ್ಯೂ ಆರ್ಲಿಯನ್ಸ್ ತಂಡದ ಜಿಮ್ಮಿ ಗ್ರಹಾಂ ಅನ್ನೋನು ಟೈಟ್ ಎಂಡ್ ಅನ್ನೋ ಹಣೆಪಟ್ಟಿಯವನು. ಟೈಟ್ ಎಂಡ್ ಸಾಲಿನ ಪಕ್ಕದಲ್ಲೇ ನಿಲ್ಲಬೇಕು. ಗ್ರಹಾಂ ಮೂರರಲ್ಲಿ ಎರಡು ಪಾಲು ಹೊತ್ತು ರಿಸೀವರ್ ಜಾಗದಲ್ಲೇ ನಿಲ್ತಿದ್ದ. ನನ್ನನ್ನು ರಿಸೀವರ್ ಅಂತ ಲೆಕ್ಕ ಹಾಕಿ ಅಂತ ಕೇಳಿದ, ಯಾಕಂದರೆ ಟೈಟ್ ಎಂಡ್ ಟ್ಯಾಗ್ 70 ಲಕ್ಷ, ರಿಸೀವರ್ ಟ್ಯಾಗ್ 1.23 ಕೋಟಿ. ಮಧ್ಯಸ್ಥಗಾರರು ಟೇಪು ಹಿಡಿದು ಸಾಲಿನಿಂದ ನಾಲ್ಕು ಗಜದೊಳಗೆ ನಿಂತರೆ ಟೈಟ್ ಎಂಡೇ ಅಂತ ತೀರ್ಪು ಕೊಟ್ಟರು. ನಾಲ್ಕು ಗಜ! ಐವತ್ತು ಲಕ್ಷ ಡಾಲರಿನ ವ್ಯತ್ಯಾಸ ನಾಲ್ಕು ಗಜದಲ್ಲಿ ತೀರ್ಮಾನವಾಯ್ತು.

ನಮ್ಮ ತಿಪಟೂರು ಕಡೆ ಹಿಂದೆ ಯುಗಾದಿಯಿಂದ ಯುಗಾದಿಗೆ ಅಂತ ವರ್ಷದ ಆಳು ಇಟ್ಟುಕೊಳ್ತಿದ್ದರು. ನಾನು ಚಿಕ್ಕವನಿದ್ದಾಗ ಪಕ್ಕದ ತೋಟದವರ ಮನೇಲಿ ಅಂಥ ಒಬ್ಬರಿದ್ದರು. ಹೊರಗಿನವರು ಬಂದು ತೆಂಗಿನಮರ ಹತ್ತಿದರೆ ಮರಕ್ಕೆ ಇಷ್ಟು ಅಂತ ಕೂಲಿ. ಕಾಯಿ ಸುಲಿಯೋರಿಗೆ ಸಾವಿರಕ್ಕೆ ಇಷ್ಟು ಅಂತ. ಈ ಮನುಷ್ಯ ಉಳ್ತಿದ್ದರು, ಮರ ಹತ್ತುತ್ತಿದ್ದರು, ಕಾಯಿ ಸುಲೀತಿದ್ದರು, ರಾತ್ರಿ ಪಂಪ್‌ಸೆಟ್ ಕರೆಂಟು ಬಂದಾಗ ಎದ್ದು ನೀರೂ ಕಟ್ಟುತ್ತಿದ್ದರು. ಸಿಕ್ತಿದ್ದದ್ದು ಆಳಿನ ಸಂಬಳ. ಮರ ಹತ್ತೋದಕ್ಕೆ ಬೇರೆ ಕೊಡಿ ಅಂತ ಒಂದ್ಸಲ ಕೇಳಿದ್ದಕ್ಕೆ, "ನೀನು ಆಳು ಕಣಯ್ಯ, ಮರ ಹತ್ತೋನಲ್ಲ" ಅಂದರಂತೆ ಯಜಮಾನರು. ಹಾಗಂದು ಆಮೇಲೆ ಮರ ಹತ್ತಿಸಿದರು. ನಾನೀಗ ಕೆಲಸ ಮಾಡೋ ಧಂಧೆಯಲ್ಲೂ ಇದಕ್ಕೊಂದು ಇಂಗ್ಲಿಷ್ ಹೆಸರಿದೆ, ಬ್ಯಾಂಡ್ ಅಂತ. ಕೋಡ್ ಬರೆಯೋದು, ಡೇಟಾಬೇಸ್ ನೋಡ್ಕೊಳ್ಳೋದು, ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಏಳೋದು ಎಲ್ಲ ಒಬ್ಬನೇ ಮಾಡಿದರೂ ಅಪ್ರೈಸಲ್ ದಿನ ಎಚ್‌ಆರ್ ಹೇಳೋದು ಒಂದೇ ಮಾತು: ನಿಮ್ಮ ಬ್ಯಾಂಡಿಗೆ ಇಷ್ಟೇ ಇರೋದು.

ಎಲ್ಲ ಆಟದಲ್ಲೂ ಹೀಗೇ ಅಂತ ಅನ್ನಬೇಡಿ. ನಮ್ಮ ಐಪಿಎಲ್ ನೋಡಿ. ಡಿಸೆಂಬರ್ 2022ರ ಹರಾಜಿನಲ್ಲಿ ಅತಿ ಹೆಚ್ಚು ಬೆಲೆಗೆ ಹೋದ ಮೂವರು ಯಾರು? ಸ್ಯಾಮ್ ಕರನ್ 18.5 ಕೋಟಿ ರೂಪಾಯಿ, ಕ್ಯಾಮರೂನ್ ಗ್ರೀನ್ 17.5, ಬೆನ್ ಸ್ಟೋಕ್ಸ್ 16.25. ಮೂರೂ ಜನ ಆಲ್‌ರೌಂಡರ್‌ಗಳು. ಆಮೇಲೆ ಗ್ರೀನ್‌ನನ್ನು ಅದೇ ಬೆಲೆಗೆ ನಮ್ಮ ಆರ್‌ಸಿಬಿಯೂ ತಂದುಕೊಂಡಿತು. ಬ್ಯಾಟು, ಬಾಲು ಎರಡೂ ಆಡಿಸೋನು ತಂಡದಲ್ಲಿದ್ದರೆ ಹನ್ನೆರಡನೇ ಆಟಗಾರ ಸಿಕ್ಕ ಹಾಗೆ ಅಂತ ಗಲ್ಲಿ ಕ್ರಿಕೆಟ್ ಆಡೋ ಹುಡುಗರಿಗೂ ಗೊತ್ತು. ಅಮೆರಿಕದ ಫುಟ್‌ಬಾಲಿನಲ್ಲಿ ಮಾತ್ರ ಎರಡು ಕೆಲಸ ಬಲ್ಲವನಿಗೆ ಎರಡರಲ್ಲಿ ಅಗ್ಗದ ಕೆಲಸದ ಬೆಲೆ ಕಟ್ಟುತ್ತಾರೆ.

ಈಗ ಎದುರು ವಾದಕ್ಕೆ ಬರೋಣ. ಅದರಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ.

ಮೊದಲನೇದು, ಬದಲಿ ಸಿಗ್ತಾನೆ ಅನ್ನೋದು. ಬೆಲ್ ಮನೇಲಿ ಕೂತ ವರ್ಷ ಅವನ ಜಾಗಕ್ಕೆ ಬಂದ ಜೇಮ್ಸ್ ಕಾನರ್ 13 ಪಂದ್ಯದಲ್ಲಿ 973 ಗಜ ಓಡಿದ, 55 ಸಲ ಚೆಂಡು ಹಿಡಿದ. ಅವನ ಸಂಬಳ ವರ್ಷಕ್ಕೆ ಹತ್ತು ಲಕ್ಷ ಡಾಲರಿಗೂ ಕಡಿಮೆ. ಕ್ಯಾನ್ಸರ್ ಗೆದ್ದು ಬಂದ ಹುಡುಗ, ಊರೆಲ್ಲ ಅವನನ್ನು ಹೊತ್ತು ಮೆರೆಸಿತು. ನನಗೂ ಅವನಂದ್ರೆ ಇಷ್ಟ. ಆಫೀಸಲ್ಲಿ ಎಲ್ಲರೂ ಕೇಳೋರು, ಹತ್ತು ಲಕ್ಷಕ್ಕೆ ಇವನು ಸಿಕ್ಕಾಗ ಒಂದೂವರೆ ಕೋಟಿ ಯಾಕೆ ಕೊಡಬೇಕು? ಸರಿ, ಕಾನರ್ ಹತ್ತು ಲಕ್ಷಕ್ಕೆ ಯಾಕೆ ಸಿಕ್ಕ? ಅವನ ಯೋಗ್ಯತೆ ಅಷ್ಟೇ ಅಂತಾನಾ? ಅಲ್ಲ, ನಿಯಮ ಅವನ ಬಾಯಿ ಕಟ್ಟಿತ್ತು. 2011ರ ಒಪ್ಪಂದದಲ್ಲಿ ಹೊಸಬರ ಸಂಬಳ ಅವರು ಆಯ್ಕೆಯಾದ ಕ್ರಮಾಂಕದ ಮೇಲೆ ನಿಗದಿಯಾಯ್ತು. ನಾಲ್ಕು ವರ್ಷದ ಕರಾರು, ಮೂರು ಸೀಸನ್ ಮುಗಿಯೋವರೆಗೆ ಮಾತೆತ್ತುವ ಹಾಗಿಲ್ಲ. ಸರ್ಕಾರಿ ರೇಷನ್ ಅಕ್ಕಿ ತಂದು ತೋರಿಸಿ, ನೋಡಿ ಅಕ್ಕಿ ಬೆಲೆ ಇಷ್ಟೇ, ರೈತ ಯಾಕೆ ಜಾಸ್ತಿ ಕೇಳ್ತಾನೆ ಅಂದಂಗಾಯ್ತು ಇದು. ಮತ್ತೊಂದು ವಿಷಯ ಯಾರೂ ನೆನಪು ಮಾಡಿಕೊಳ್ಳಲ್ಲ. ಆ ವರ್ಷ ಪಿಟ್ಸ್‌ಬರ್ಗ್ 7 ಗೆದ್ದು, 2 ಸೋತು, 1 ಸಮ ಮಾಡಿಕೊಂಡು ಮೇಲಿತ್ತು. ಕೊನೆಯ ಆರರಲ್ಲಿ ನಾಲ್ಕು ಸೋತು ಪ್ಲೇಆಫ್ ತಪ್ಪಿಸಿಕೊಂಡಿತು. ಕಾಲು ನೋವಿಗೆ ಕಾನರ್ ಕೂತ ಮೂರೂ ಪಂದ್ಯ ಅದರಲ್ಲೇ ಬರ್ತವೆ. ಸೋಲಿಗೆ ಅದೊಂದೇ ಕಾರಣ ಅಂತ ನಾನು ಹೇಳಲಾರೆ, ಆದರೆ ಬದಲಿ ಸಿಗ್ತಾನೆ ಅಂದವರು ಬದಲಿಗೆ ಬದಲಿ ಯಾರು ಅಂತ ಯೋಚಿಸಿರಲಿಲ್ಲ.

ಎರಡನೇದು ಗಟ್ಟಿ ವಾದ: ಇವರ ದೇಹ ಉಳಿಯಲ್ಲ. ಬೆಲ್ 2019ರಲ್ಲಿ ನ್ಯೂಯಾರ್ಕ್ ಜೆಟ್ಸ್ ಸೇರಿದ, ನಾಲ್ಕು ವರ್ಷಕ್ಕೆ 5.25 ಕೋಟಿ. ಆ ವರ್ಷ ಓಟಕ್ಕೆ ಸರಾಸರಿ 3.2 ಗಜ, ಮಾರನೇ ಅಕ್ಟೋಬರಿನಲ್ಲಿ ಮನೆಗೆ ಕಳಿಸಿದರು. ಟಾಡ್ ಗರ್ಲಿ 2017ರಲ್ಲಿ ಓಡಿ 1,305, ಹಿಡಿದು 788 ಗಜ ಮಾಡಿ ಆ ವರ್ಷದ ಅತ್ಯುತ್ತಮ ಆಕ್ರಮಣಕಾರಿ ಆಟಗಾರ ಅನ್ನಿಸಿಕೊಂಡ. 2018ರ ಜುಲೈನಲ್ಲಿ ದೊಡ್ಡ ಕರಾರಾಯ್ತು, 4.5 ಕೋಟಿ ಖಾತ್ರಿ ಹಣ. 2020ರ ಮಾರ್ಚ್ ಹೊತ್ತಿಗೆ ಮೊಣಕಾಲು ಕೈಕೊಟ್ಟು ತಂಡ ಕೈಬಿಟ್ಟಿತ್ತು. ಮೆಕ್ಯಾಫ್ರಿ ದೊಡ್ಡ ಸಹಿ ಹಾಕಿದ ವರ್ಷ ಆಡಿದ್ದು ಮೂರು ಪಂದ್ಯ, ಮುಂದಿನ ವರ್ಷ ಏಳು. ಇವನ್ನೆಲ್ಲ ಎದುರಿಗಿಟ್ಟು ಮಾಲೀಕರು ಕೇಳ್ತಾರೆ: ಇಂಥವರಿಗೆ ಹೇಗೆ ಸುರಿಯೋದು?

ನಾನು ಇದನ್ನೇ ತಿರುಗಿಸಿ ಕೇಳ್ತೀನಿ. ದೇಹ ಇಪ್ಪತ್ತೇಳಕ್ಕೆ ಸವೆಯುತ್ತೆ ಅಂತ ನಿಮಗೆ ಅಷ್ಟು ಖಾತ್ರಿ ಇದ್ದರೆ, ಇಪ್ಪತ್ತೆರಡರಲ್ಲಿ ಯಾಕೆ ಕೊಡಲ್ಲ? ಹೈಸ್ಕೂಲು ಮುಗಿದು ಮೂರು ವರ್ಷ ಆಗದೆ ಲೀಗಿಗೆ ಸೇರುವಂತಿಲ್ಲ. ಸೇರಿದ ಮೇಲೆ ನಾಲ್ಕು ವರ್ಷ ನಿಗದಿ ಸಂಬಳ. ಮೊದಲ ಸುತ್ತಿನವನಾದರೆ ಐದನೇ ವರ್ಷವೂ ತಂಡದ ಇಷ್ಟ. ಆಮೇಲೆ ಟ್ಯಾಗು, ಮತ್ತೆ ಟ್ಯಾಗು. ಬಾಯಿ ಬಿಟ್ಟು ಬೆಲೆ ಕೇಳೋ ಹೊತ್ತಿಗೆ ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು. ಆಗ ಇದೇ ಜನ ವೈದ್ಯರ ಹಾಗೆ ಕನ್ನಡಕ ಸರಿ ಮಾಡಿಕೊಂಡು, ಅಯ್ಯೋ ನೀನು ತುಂಬಾ ಸವೆದಿದ್ದೀಯಲ್ಲಪ್ಪ ಅಂತಾರೆ. ಸವೆಸಿದ್ದು ಯಾರು? ಕ್ಯಾಂಪಸ್ಸಿನಿಂದ ಸೇರಿದಾಗ ನಾವೂ ಎರಡು ವರ್ಷದ ಬಾಂಡ್ ಬರೆದುಕೊಟ್ಟವರೇ. ಆದರೆ ಬಾಂಡ್ ಮುಗಿದ ದಿನ ನಮ್ಮ ಮುಂದೆ ಮೂವತ್ತು ವರ್ಷ ಇತ್ತು. ಇವರ ಮುಂದೆ ಇರೋದು ಮೂರು.

ಗರ್ಲಿಯ ಮೊಣಕಾಲು ಇವರಿಗೆ ಕಡಿಮೆ ಕೊಡಿ ಅಂತ ಹೇಳಲ್ಲ. ಬೇಗ ಕೊಡಿ ಅಂತ ಹೇಳುತ್ತೆ.

ಇನ್ನೊಂದು ವಾದ ನನ್ನಂಥ ಕಂಪ್ಯೂಟರ್ ಜನರದ್ದು. ಅಂಕಿಅಂಶ ಹೇಳುತ್ತೆ, ಎಸೆತ ಓಟಕ್ಕಿಂತ ಲಾಭದಾಯಕ, ಹಾಗಾಗಿ ಓಟಗಾರನಿಗೆ ಕಡಿಮೆ ಸಾಕು ಅಂತ. ಒಪ್ಪಿದೆ. ಬರೀ ಓಡೋನಿಗೆ ಅನ್ವಯಿಸಿ. ಆದರೆ ಇಲ್ಲಿರೋದು ಎಸೆತವನ್ನೂ ಹಿಡಿಯೋನು. ಎಸೆತಕ್ಕೇ ಬೆಲೆ ಅಂತೀರಿ, ಎಸೆತ ಹಿಡಿದವನಿಗೆ ಓಟಗಾರ ಅಂತ ಚೀಟಿ ಅಂಟಿಸ್ತೀರಿ. ಯಾವುದಾದರೂ ಒಂದು ಮಾಡಿ. ರನ್ನಿಂಗ್ ಬ್ಯಾಕ್ ಹಿಡಿಯೋ ಚೆಂಡು ಹೆಚ್ಚಾಗಿ ಹತ್ತಿರದ್ದು, ನಲವತ್ತು ಗಜದ ಎಸೆತ ಅಲ್ಲ. ಅದೂ ನಿಜವೇ. ಅದಕ್ಕೇ ನಾನು ಎರಡಾಳಿನ ಪೂರ್ತಿ ಕೂಲಿ ಕೇಳ್ತಿಲ್ಲ.

ಹಾಗಾದರೆ ಎಷ್ಟು? ನನ್ನ ಲೆಕ್ಕ ಇದು. 2025ರಲ್ಲಿ ಬಾಲ್ಟಿಮೋರ್ ತಂಡ ಡೆರಿಕ್ ಹೆನ್ರಿಗೆ ಎರಡು ವರ್ಷಕ್ಕೆ 3 ಕೋಟಿ ಕೊಟ್ಟಿತು, ವರ್ಷಕ್ಕೆ ಒಂದೂವರೆ ಕೋಟಿ. ಹೆನ್ರಿ ಹೆಚ್ಚುಕಡಿಮೆ ಬರೀ ಓಟಗಾರ, ಅಪ್ಪಟ ಗೂಳಿ. ಅವನ ಬೆಲೆ ಆ ವರ್ಷದ ಮಿತಿಯ ಶೇ. 5.4. ಅದೇ ವರ್ಷ ಸಿನ್ಸಿನಾಟಿಯ ಎರಡನೇ ರಿಸೀವರ್ ಟೀ ಹಿಗಿನ್ಸ್‌ಗೆ ವರ್ಷಕ್ಕೆ 2.87 ಕೋಟಿ, ಅದು ಶೇ. 10.3. ಗಮನಿಸಿ, ಎರಡನೇ ರಿಸೀವರ್. ಹೆನ್ರಿಯದು ಪೂರ್ತಿ, ಹಿಗಿನ್ಸ್‌ದು ಅರ್ಧ ತಗೊಳ್ಳಿ. ಶೇ. 10.5 ಬಂತು. ಚಿಲ್ಲರೆ ಬಿಟ್ಟು ಹತ್ತು ಅನ್ನಿ. 2025ರ ಮಿತಿಯಲ್ಲಿ ಅದು ವರ್ಷಕ್ಕೆ 2.79 ಕೋಟಿ ಡಾಲರ್. 2018ರ ಮಿತಿಗೆ ಹಾಕಿದರೆ 1.77 ಕೋಟಿ. ಬೆಲ್ ಕೇಳಿದ್ದು 1.7 ಅಲ್ವಾ? ದುರಾಸೆಯ ಮನುಷ್ಯ ಏಳು ಲಕ್ಷ ಕಡಿಮೆಯೇ ಕೇಳಿದ್ದ.

ಬಾರ್ಕ್ಲಿಯ ಕರಾರಿನಲ್ಲಿ ಇನ್ನೊಂದು ತಮಾಷೆ ಇದೆ. ಅವನು 2018ರಲ್ಲಿ, ಮೊದಲ ವರ್ಷದಲ್ಲೇ, 91 ಸಲ ಚೆಂಡು ಹಿಡಿದಿದ್ದ, ಓಟ-ಹಿಡಿತ ಸೇರಿ 2,028 ಗಜ. ಆಗ ಅವನು ನಿಗದಿ ಸಂಬಳದ ಹುಡುಗ. 2023ರಲ್ಲಿ ಅವನ ಹಳೇ ತಂಡ 1.01 ಕೋಟಿಯ ಟ್ಯಾಗು ಹಾಕಿ ಸತಾಯಿಸಿತು. ಆ ಜುಲೈನಲ್ಲೇ ಆಸ್ಟಿನ್ ಎಕ್ಲರ್ ಮುಂದಾಗಿ ರನ್ನಿಂಗ್ ಬ್ಯಾಕ್‌ಗಳೆಲ್ಲ ಝೂಮ್ ಮೀಟಿಂಗ್ ಮಾಡಿ ಕಷ್ಟಸುಖ ಹೇಳಿಕೊಂಡಿದ್ದು. ಕೊನೆಗೆ ಎರಡು ಕೋಟಿ ದಾಟಿದ್ದು ಯಾವಾಗ? 2024ರಲ್ಲಿ 2,005 ಗಜ ಓಡಿ ಸೂಪರ್ ಬೌಲ್ ಗೆಲ್ಲಿಸಿದ ಮೇಲೆ. ಆ ವರ್ಷ ಅವನು ಹಿಡಿದಿದ್ದು 33 ಚೆಂಡು. ಅಂದರೆ ಈ ದಾಖಲೆಯಲ್ಲೂ ಸಂದಾಯ ಆಗಿರೋದು ಓಟಕ್ಕೆ. ಎರಡೂ ಕೆಲಸ ಮಾಡಿದ ವರ್ಷಗಳ ಬಾಕಿ ಹಾಗೇ ಉಳೀತು.

ಕೋಟ್ಯಧೀಶರ ಜಗಳ ನಮಗ್ಯಾಕೆ ಅಂತ ಕೇಳೋರಿದ್ದಾರೆ. ದುಡ್ಡೇನೂ ಮಾಯ ಆಗಲ್ಲ ಮಾರಾಯ್ರೇ. ಲೀಗಿನ ಆದಾಯದಲ್ಲಿ ಸುಮಾರು ಶೇ. 48 ಆಟಗಾರರಿಗೆ ಅಂತ ಒಪ್ಪಂದವೇ ಇದೆ. ಇವರಿಗೆ ಕೊಡದೇ ಉಳಿದದ್ದು ಯಾವ ಅನಾಥಾಶ್ರಮಕ್ಕೂ ಹೋಗಲ್ಲ, ಅದೇ ಮಿತಿಯೊಳಗೆ ಕ್ವಾರ್ಟರ್‌ಬ್ಯಾಕಿಗೋ ರಿಸೀವರಿಗೋ ಹೋಗುತ್ತೆ. ಇದೇ ಕಾರಣಕ್ಕೆ ಜೊತೆಗಾರರು ಬೆಲ್ ಪರ ನಿಲ್ಲಲಿಲ್ಲ, ಅವನ ಶೂ ಹಂಚಿಕೊಂಡರು. ಒಂದೇ ತಟ್ಟೆಯಲ್ಲಿ ಉಣ್ಣೋರ ನಡುವೆ ಜಗಳ ಹಚ್ಚಿ ತಟ್ಟೆಯ ಅಳತೆ ಯಾರೂ ಕೇಳದ ಹಾಗೆ ಮಾಡೋದು ಹಳೇ ಯಜಮಾನಿಕೆ. ಆಟಗಾರರಿಗೆಲ್ಲ ಸೇರಿ ಇರೋದು ಒಂದೇ ಸಂಘ, ಅದರಲ್ಲಿ ರನ್ನಿಂಗ್ ಬ್ಯಾಕ್‌ಗಳು ಹಿಡಿಯಷ್ಟು ಜನ. ಉಳಿದವರು ಇವರಿಗಾಗಿ ಯಾಕೆ ಮುಷ್ಕರ ಹೂಡ್ತಾರೆ?

ಆದರೂ ಎರಡು ತಿದ್ದುಪಡಿ ಕೇಳೋದರಲ್ಲಿ ಯಾರ ಹೊಟ್ಟೆ ಮೇಲೂ ಹೊಡೆದಂಗಾಗಲ್ಲ. ರನ್ನಿಂಗ್ ಬ್ಯಾಕ್‌ಗೆ ಮೂರರ ಬದಲು ಎರಡು ಸೀಸನ್ ಆದ ಮೇಲೆ ಕರಾರು ಮಾತಾಡೋಕೆ ಬಿಡಿ. ಟ್ಯಾಗಿನ ಬೆಲೆಯನ್ನು ಚೀಟಿ ನೋಡಿ ಅಲ್ಲ, ಮಾಡಿದ ಕೆಲಸ ನೋಡಿ ಕಟ್ಟಿ. ಎಲ್ಲಿ ನಿಂತಿದ್ದ, ಏನು ಮಾಡಿದ ಅಂತ ಯಾರು ಅಳೀತಾರೆ ಅನ್ನೋ ನೆಪ ಬೇಡ. ಅಲ್ಲಿ ಪ್ರತಿ ಆಟಗಾರನ ಭುಜದ ಪ್ಯಾಡಿನಲ್ಲಿ ಚಿಪ್ ಇದೆ, ಒಂದೊಂದು ಯತ್ನದಲ್ಲೂ ಯಾರು ಎಲ್ಲಿದ್ದರು ಅಂತ ಅಡಿ ಲೆಕ್ಕದಲ್ಲಿ ದಾಖಲಾಗುತ್ತೆ. ಗ್ರಹಾಂ ಕಾಲದ ಹಾಗೆ ಟೇಪು ಹಿಡಿಯೋದೂ ಬೇಡ. ಒಂದು ಎಸ್‌ಕ್ಯುಎಲ್ ಕ್ವೆರಿ ಬರೆದರೆ ಮುಗೀತು, ಬೇಕಾದರೆ ನಾನೇ ಬರೆದುಕೊಡ್ತೀನಿ. ಬ್ಯಾಂಡ್ ಯಾವುದಾದರೂ ಇರಲಿ.

ಈಗಿನ ಒಪ್ಪಂದ 2030ರ ಸೀಸನ್‌ವರೆಗೆ ಇದೆ. ಅಲ್ಲಿವರೆಗೆ ನಿಯಮ ಅಷ್ಟು ಸುಲಭಕ್ಕೆ ಬದಲಾಗಲ್ಲ. ಆದರೆ 2023ರಲ್ಲಿ ಲೀಗಿಗೆ ಬಂದ ಇಬ್ಬರು ಹುಡುಗರಿದ್ದಾರೆ, ಅಟ್ಲಾಂಟಾದ ಬಿಜಾನ್ ರಾಬಿನ್ಸನ್, ಡೆಟ್ರಾಯಿಟ್‌ನ ಜಮೀರ್ ಗಿಬ್ಸ್. 2024ರಲ್ಲಿ ಒಬ್ಬ ಓಡಿ 1,456 ಗಜ ಮಾಡಿ 61 ಚೆಂಡು ಹಿಡಿದ, ಇನ್ನೊಬ್ಬ 1,412 ಮಾಡಿ 52 ಹಿಡಿದ. ಇಬ್ಬರೂ ಎರಡಾಳಿನ ಕೆಲಸದವರು. 2025ರ ಸೀಸನ್ ಮುಗಿದರೆ ಅವರಿಬ್ಬರ ಬಾಯಿಗೆ ಹಾಕಿರೋ ಬೀಗ ತೆಗೆಯುತ್ತೆ. ಆಗ ಅವರ ಏಜೆಂಟುಗಳ ಮುಂದೆ ಬಾರ್ಕ್ಲಿಯ 2.06 ಕೋಟಿಯ ಕಾಗದ ಹಿಡಿದು, ಇದಕ್ಕಿಂತ ಐದು ಲಕ್ಷ ಜಾಸ್ತಿ ಕೊಡ್ತೀವಿ, ಹೊಸ ದಾಖಲೆ ಆಗುತ್ತೆ, ಪೇಪರಲ್ಲಿ ಬರುತ್ತೆ ಅಂತ ತಂಡದವರು ಪುಸಲಾಯಿಸ್ತಾರೆ. ಆ ಕಾಗದ ಪಕ್ಕಕ್ಕಿಟ್ಟು, ಈ ವರ್ಷದ ಮಿತಿ ಎಷ್ಟು ಅಂತ ಮೊದಲು ಕೇಳಿ. ಅದರಲ್ಲಿ ಹತ್ತನೇ ಒಂದು ಭಾಗ ಕೇಳಿ. ಕೊಡಲ್ಲ ಅಂದರೆ ಚೆಂಡು ಹಿಡಿಯೋ ಕೆಲಸಕ್ಕೆ ಬೇರೆ ಆಳು ನೋಡಿಕೊಳ್ಳಿ ಅನ್ನಿ.